ಕೆಳಗೆ ಕಂಬಳಿ, ಮೇಲೆ ಬೀಸಣಿಗೆ

ಏಪ್ರಿಲ್ ರಾತ್ರಿ, ಕುಶಾಲನಗರದ ಎರಡಂತಸ್ತಿನ ಮನೆ. ಕೆಳಗೆ ಅಜ್ಜಿ ಕಂಬಳಿ ಹೊದ್ದು ‘ಆರಿಸ್ರೋ ಅದನ್ನ’ ಅನ್ನುತ್ತಾರೆ. ಮೇಲೆ ಮೊಮ್ಮಗ ಬನಿಯನ್ ಕಳಚಿ ಹಳೇ ಕ್ಯಾಲೆಂಡರಿನಲ್ಲಿ ಗಾಳಿ ಬೀಸಿಕೊಳ್ಳುತ್ತಾನೆ. ಡಕ್ಟಿನ (ಗಾಳಿ ಕೊಳವೆಯ) ಮೂಲಕ ಎರಡೂ ಮಹಡಿಗೆ ತಂಪು ಹಂಚುವ ಏಸಿ ಒಂದೇ, ಬಿಲ್ಲೂ ಒಂದೇ. ಕೋಣೆಯ ಬಿಸಿ ನೋಡಿ ಏಸಿಯನ್ನು ನಡೆಸುವ, ನಿಲ್ಲಿಸುವ ಥರ್ಮೋಸ್ಟಾಟ್ ಇರುವುದು ಕೆಳಗಿನ ಹಾಲ್‌ನಲ್ಲಿ, ಅಜ್ಜಿಯ ಮಗ್ಗುಲಲ್ಲಿ. ಅಲ್ಲಿ 24 ಡಿಗ್ರಿ ಆಯಿತೋ, ಅದರ ಡ್ಯೂಟಿ ಮುಗಿಯಿತು. ಮೇಲೊಂದು ಮಹಡಿಯಿದೆಯೆಂದು ಅದಕ್ಕೆ ಹೇಳಿದವರಾರು?

ಮೊಮ್ಮಗ ಸಿಟ್ಟಿನಿಂದ 18ಕ್ಕೆ ಇಳಿಸುತ್ತಾನೆ. ಸಾಮಾನ್ಯ ಯಂತ್ರದಲ್ಲಿ ಇದರಿಂದ ಗಾಳಿಯೇನೂ ಹೆಚ್ಚು ತಣ್ಣಗಾಗುವುದಿಲ್ಲ, ಹೆಚ್ಚು ಹೊತ್ತು ಬರುತ್ತದೆ, ಅಷ್ಟೇ. ಇನ್ನು ಕೆಲವರು ಗಾಳಿಯೆಲ್ಲ ಮೇಲಕ್ಕೆ ಹೋಗಲೆಂದು ಕೆಳಗಿನ ಗ್ರಿಲ್‌ಗಳನ್ನೆಲ್ಲ ಮುಚ್ಚಿಬಿಡುತ್ತಾರೆ. ಏಸಿಯ ಸಾಮರ್ಥ್ಯದ ಒಂದೊಂದು ಟನ್ನಿಗೆ ನಿಮಿಷಕ್ಕೆ ಸುಮಾರು 400 ಘನ ಅಡಿ ಗಾಳಿ, ಅದನ್ನು ತಣ್ಣಗಾಗಿಸುವ ಕಾಯಿಲ್ ದಾಟಬೇಕು. ದಾರಿ ಕಟ್ಟಿದರೆ ಡಕ್ಟಿನೊಳಗೆ ಒತ್ತಡ ಏರಿ, ಗಾಳಿಯ ಹರಿವು ಇಳಿದು, ಕಾಯಿಲ್ ಮೇಲೆ ಮಂಜು ಕೂರುತ್ತದೆ. ಮಂಜು ನೋಡಲು ಮಡಿಕೇರಿ ಸಾಲದೇ?

ಎಲ್ಲಕ್ಕೂ ಮೊದಲು ತಾರಸಿ ಮೇಲಿನ ಶೀಟಿನ ಮಾತು ಆಗಬೇಕು. ಕೊಡಗಿನಲ್ಲಿ ಆರ್‌ಸಿಸಿ ಹಾಕಿಸಿದವರು ಒಂದೆರಡು ಮಳೆಗಾಲ ಸೋರಿದ ಮೇಲೆ ಅದಕ್ಕೊಂದು ಶೀಟ್ ಹೊದಿಸುತ್ತಾರೆ. ಮಳೆಗೆ ಹಾಕಿದ್ದು ಬಿಸಿಲಿಗೂ ಕೊಡೆ. ಹಗಲು ಕಾದು ರಾತ್ರಿ ಕೋಣೆಗೆ ಶಾಖ ಸುರಿಯುವ ಸ್ಲ್ಯಾಬು ನೆರಳಲ್ಲಿ ಉಳಿಯುತ್ತದೆ. ಶೀಟಿನಡಿ ಗಾಳಿ ಆಡಬೇಕು, ಅದೊಂದೇ ಷರತ್ತು. ನಮ್ಮವರು ಬಿಟ್ಟಾರೆಯೇ? ಖಾಲಿ ಜಾಗ ಕಂಡರೆ ಕೈ ತುರಿಸುತ್ತದೆ. ಮೊದಲ ವರ್ಷ ಬಟ್ಟೆ ಹಗ್ಗ, ಎರಡನೇ ವರ್ಷ ಸೌದೆ, ಮೂರನೇ ವರ್ಷ ಕರಿಮೆಣಸಿನ ಚೀಲ, ಕೆಟ್ಟ ಸ್ಪ್ರೇಯರ್, ಕಾಲು ಮುರಿದ ಮಂಚ. ಇವು ನೆನೆಯಬಾರದೆಂದು ನಾಲ್ಕೂ ಕಡೆ ಮರೆ ಕಟ್ಟಿದರೆ ಒಲೆ ಸಿದ್ಧ. ಆ ಒಲೆಯೊಳಗೇ ಡಕ್ಟು ಎಳೆಯುವ ಮಹಾನುಭಾವರಿದ್ದಾರೆ! ಇನ್ಸುಲೇಷನ್ ತೆಳು, ಕೂಡುಗಳಿಗೆ ಮ್ಯಾಸ್ಟಿಕ್ ಎಂಬ ಅಂಟು ಬಳಿಯುವ ಬದಲು ಬಟ್ಟೆಯ ಟೇಪು. ಟೇಪು ಒಣಗಿ ಬಿಟ್ಟುಕೊಂಡ ಮೇಲೆ ತಂಪು ಗಾಳಿ ಮೊದಲು ತಲುಪುವುದು ಮುರಿದ ಮಂಚಕ್ಕೆ.

ಡಕ್ಟಿನ ಸೋರಿಕೆ ನಿಂತ ಮೇಲೆ ಡ್ಯಾಂಪರ್, ಅಂದರೆ ಡಕ್ಟಿನೊಳಗೆ ಗಾಳಿಯನ್ನು ಹೆಚ್ಚು ಕಡಿಮೆ ಮಾಡುವ ಬಾಗಿಲು. ಹಿಡಿ ಡಕ್ಟಿನ ಉದ್ದಕ್ಕಿದ್ದರೆ ತೆರೆದಿದೆ, ಅಡ್ಡಕ್ಕಿದ್ದರೆ ಮುಚ್ಚಿದೆ. ಬೇಸಿಗೆಯಲ್ಲಿ ಕೆಳಗಿನದನ್ನು ಚೂರೇ ಚೂರು ತಿರುಗಿಸಿ, ಒಂದು ದಿನ ಬಿಟ್ಟು, ಎರಡೂ ಮಹಡಿಗಳಲ್ಲಿ ಥರ್ಮಾಮೀಟರ್ ನೋಡಬೇಕು. ಬಿಸಿಗಾಳಿ ಮೇಲೆ ಸೇರುವುದರಿಂದ ಕೋಣೆಯ ಗಾಳಿಯನ್ನು ಏಸಿಗೆ ವಾಪಸ್ ಎಳೆಯುವ ಮಹಡಿಯ ರಿಟರ್ನ್ ಗ್ರಿಲ್ ಗೋಡೆಯ ಮೇಲ್ತುದಿಯಲ್ಲಿರಲಿ. ಏಸಿಯ ಫ್ಯಾನನ್ನು ‘ಆಟೋ’ ಬಿಟ್ಟು ‘ಆನ್’ಗೆ ಹಾಕಿದರೆ ಎರಡೂ ಕಡೆಯ ಗಾಳಿ ಬೆರೆಯುತ್ತದೆ. ಜೂನ್ ಬಂದರೆ ಮಾತ್ರ ‘ಆಟೋ’ಗೆ ಮರಳಬೇಕು, ಇಲ್ಲವಾದರೆ ಕಾಯಿಲ್ ಮೇಲಿನ ನೀರು ಆವಿಯಾಗಿ ಮತ್ತೆ ಮನೆಗೇ ಬಂತು. ದುಡ್ಡಿದ್ದವರು ಮಹಡಿಗೊಂದು ಥರ್ಮೋಸ್ಟಾಟ್, ಮೋಟಾರು ಡ್ಯಾಂಪರ್ ಹಾಕಿಸಿಕೊಳ್ಳಲಿ.

ಆದರೆ ಡ್ಯಾಂಪರಿನ ಹಿಡಿ ಎಲ್ಲಿದೆ? ಫಾಲ್ಸ್ ಸೀಲಿಂಗ್ ಮೇಲೆ. ಕೈ ಹಾಕಲು ಒಂದಡಿ ಚೌಕದ ಬಾಗಿಲು ಬಿಡಿ ಎಂದರೆ ‘ಲುಕ್ ಹೋಗುತ್ತೆ ಸಾರ್’ ಎಂದು ಪೂರ್ತಿ ಮುಚ್ಚಿ ಬಣ್ಣ ಬಳಿದಿರುತ್ತಾರೆ. ಕೊರೆಯಲು ಕರೆದರೆ ನಾಳೆ, ನಾಡಿದ್ದು. ಕೊನೆಗೂ ಏಣಿ ಬಂದು ಇಳಿದ ದಿನ ಜೋರು ಮಳೆ ಹೊಡೆಯುತ್ತದೆ. ಮೊಮ್ಮಗನೇ ಹೇಳುತ್ತಾನೆ, ‘ಈಗ್ಯಾಕೆ, ಮುಂದಿನ ವರ್ಷ ನೋಡೋಣ.’