ಹೆಂಗಸರ ಓಟಿನ ಹಕ್ಕು: ಒಂದು ಸ್ಪಷ್ಟನೆ

"ಕಾಸರಗೋಡಿನ ಹೆಂಗಸರಿಗೆ ಓಟಿನ ಹಕ್ಕು ಮೊದಲು ಸಿಕ್ಕಿದ್ದು 1950ರಲ್ಲಿ, ಅದೂ ಯಾರೂ ಕೇಳದೆಯೇ" ಅನ್ನುವ ಮೆಸೇಜು ನಮ್ಮ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಕಳೆದ ವಾರ ನಾನೂ ಅದನ್ನು ಕಳುಹಿಸಿದ್ದೆ. ಅದು ತಪ್ಪು, ಕ್ಷಮಿಸಿ.

1956ರವರೆಗೆ ಕಾಸರಗೋಡು ಮದ್ರಾಸಿಗೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮದ್ರಾಸ್ ವಿಧಾನ ಪರಿಷತ್ತು 1921ರಲ್ಲೇ ಹೆಂಗಸರಿಗೆ ಓಟು ಕೊಡುವ ನಿರ್ಣಯ ಮಾಡಿತು. ಆದರೆ ಗಂಡಸರಿಗಿದ್ದ ಆಸ್ತಿ, ತೆರಿಗೆಯ ಷರತ್ತು ಇವರಿಗೂ ಇತ್ತು. ಹಾಗಾಗಿ ಹಕ್ಕು ಸಿಕ್ಕಿದ್ದು ಕೆಲವರಿಗಷ್ಟೇ. ಅಳಿಯಕಟ್ಟಿನ ಮನೆಗಳಿದ್ದ ನಮ್ಮ ಕಡೆ ಆಸ್ತಿ ಹೆಣ್ಣಿನ ಸಾಲಿನಲ್ಲೇ ಇಳಿದು ಬರುತ್ತಿತ್ತಲ್ವಾ, ಅದಕ್ಕೇ ಈ ಷರತ್ತಿನ ಮಾತು ನನಗೆ ತುಂಬ ಹತ್ತಿರದ್ದು ಅನ್ನಿಸುತ್ತದೆ.

ಯಾರೂ ಕೇಳಲಿಲ್ಲ ಅನ್ನುವುದಂತೂ ಖಂಡಿತ ಸರಿಯಲ್ಲ. 1917ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ ವಿಮೆನ್ಸ್ ಇಂಡಿಯನ್ ಅಸೋಸಿಯೇಷನ್ ಅನ್ನುವ ಹೆಂಗಸರ ಸಂಘ ಹುಟ್ಟಿತು. ಅದೇ ಡಿಸೆಂಬರಿನಲ್ಲಿ ಸರೋಜಿನಿ ನಾಯ್ಡು ಮುಂದಾಳುತನದ ನಿಯೋಗ ಮದ್ರಾಸಿನಲ್ಲಿ ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗುವನ್ನು ಕಂಡು, ಹೆಂಗಸರನ್ನೂ ಪ್ರಜೆಗಳೆಂದು ಎಣಿಸಿ ಅಂತ ಕೇಳಿತು. ಮಂಗಳೂರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಪರಿಷತ್ತಿನ ಚುನಾವಣೆಗೆ ನಿಂತು ಸ್ವಲ್ಪ ಓಟುಗಳಲ್ಲಿ ಸೋತರು. ಆಗ ಅವರಿಗೆ ಇಪ್ಪತ್ತಮೂರೇ ವಯಸ್ಸು!

1950ರ ಮಾತು ಪೂರ್ತಿ ಸುಳ್ಳಲ್ಲ. ಆಸ್ತಿ, ಓದು ಯಾವುದನ್ನೂ ನೋಡದೆ ವಯಸ್ಸಿಗೆ ಬಂದ ಎಲ್ಲರಿಗೂ ಓಟು ಕೊಟ್ಟಿದ್ದು ಸಂವಿಧಾನದ 326ನೇ ವಿಧಿ. ಆ ಹಕ್ಕಿನ ಮೊದಲ ಮಹಾಚುನಾವಣೆ 1951-52ರದ್ದು.

ದಯವಿಟ್ಟು ಹಳೆಯ ಮೆಸೇಜನ್ನು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳುಹಿಸಿದ್ದರೆ ಅದೇ ಗುಂಪಿಗೆ ಇದನ್ನೂ ಹಾಕಿ.