ಪದವಿನ ಪಳ್ಳ ಉಲ್ಕೆ ಬಿದ್ದ ಗುಂಡಿಯಲ್ಲ

"ಕಾಸರಗೋಡಿನ ಪದವುಗಳ (ಕಲ್ಲುಹಾಸಿನ ಬಯಲು ಗುಡ್ಡಗಳ) ಮೇಲಿನ ಪಳ್ಳಗಳು (ನೀರು ನಿಲ್ಲುವ ಹೊಂಡಗಳು) ಉಲ್ಕೆ ಬಿದ್ದು ಆದವು, ಮುರಕಲ್ಲಿನ (ಲ್ಯಾಟರೈಟ್) ತೂತುಗಳು ಕಲ್ಲು ಕುದಿದಾಗ ಎದ್ದ ಗುಳ್ಳೆಗಳು" ಎಂಬ ಸಂದೇಶ ವಾಟ್ಸಾಪಿನಲ್ಲಿ ಸುತ್ತುತ್ತಿದೆ. ಸರಿಯಲ್ಲ. ಮುರಕಲ್ಲು ಕುದಿದದ್ದಲ್ಲ, ಮಳೆ-ಬಿಸಿಲಿಗೆ ಶಿಥಿಲವಾದದ್ದು. ಸಿಲಿಕಾ ತೊಳೆದುಹೋಗಿ ಕಬ್ಬಿಣ, ಅಲ್ಯುಮಿನಿಯಂ ಉಳಿಯಿತು. ಮೆತ್ತಗಿನ ಜೇಡಿ ಕೊಚ್ಚಿಹೋದಲ್ಲೆಲ್ಲ ತೂತು.

ಉಲ್ಕೆಯ ಹೊಡೆತದ ಗುರುತೇ ಬೇರೆ. ಹಿಂದೆ ದೊಡ್ಡ ಉಲ್ಕೆ ಬಿದ್ದ ಮೆಕ್ಸಿಕೊದ ಚಿಕ್ಷುಲೂಬ್‌ನಲ್ಲಿ 2016ರಲ್ಲಿ ಸಮುದ್ರತಳ ಕೊರೆದು ತೆಗೆದ ಕಲ್ಲನ್ನು ಕೆಳಗಿನಿಂದ ಓದುತ್ತ ಬನ್ನಿ. ಮೊದಲು, ಆಳದಿಂದ ನಿಮಿಷಗಳಲ್ಲೇ ಮೇಲೆದ್ದ, ಜಜ್ಜಿಹೋದ ಗ್ರಾನೈಟ್. ಅದರ ಮೇಲೆ ಕರಗಿ ಗಟ್ಟಿಯಾದ ಕಲ್ಲು. ಆಮೇಲೆ ಸಮುದ್ರ ಒಳನುಗ್ಗಿ ತಂದು ಸುರಿದ ಚೂರುಗಳು: ಅಡಿಯಲ್ಲಿ ದಪ್ಪ, ಮೇಲೆ ಹೋದಂತೆ ನುಣುಪು. ನಡುವೆ ಇದ್ದಿಲಿನ ಕಣಗಳೂ ಸಿಕ್ಕಿವೆ, ಎಲ್ಲೋ ದಡದಲ್ಲಿ ಕಾಡು ಹೊತ್ತಿದ್ದರ ಕುರುಹು. ಹೀಗೆ ಸುಮಾರು 130 ಮೀಟರ್, ಒಂದೇ ದಿನದ ಕೆಲಸ! ಅದರ ಮೇಲಿನ ಸುಣ್ಣಕಲ್ಲು ಮಾತ್ರ ಲಕ್ಷಗಟ್ಟಲೆ ವರ್ಷ ತೆಗೆದುಕೊಂಡಿದೆ.

ಕಣ್ಣಾರೆ ನೋಡಬೇಕಿದ್ದರೆ ಮಹಾರಾಷ್ಟ್ರದ ಲೋಣಾರಿಗೆ ಹೋಗಿ. ಸುಮಾರು 1.8 ಕಿ.ಮೀ. ಅಗಲದ ಆ ಉಲ್ಕೆಗುಂಡಿಯ ಅಂಚಿನಲ್ಲಿ ಬಸಾಲ್ಟ್ (ಲಾವಾ ಆರಿ ಆದ ಕಲ್ಲು) ಪದರಗಳು ಮೇಲಕ್ಕೆ ಬಾಗಿವೆ, ಹೊಡೆತಕ್ಕೆ ಕಲ್ಲಿನೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜ ಗಾಜಾಗಿದೆ. ಪಳ್ಳದಲ್ಲಿರುವುದು ಮಳೆನೀರು, ಕಪ್ಪೆ, ಎಮ್ಮೆ.