ಎರಡು ಮರಗಳ ನಡುವೆ ಒಬ್ಬ ಷಡ್ಡಕರು

ಕಳೆದ ಭಾನುವಾರ ಬೆಳಿಗ್ಗೆ ಏಳೂವರೆಗೆ, ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ, ನಾನು ಹ್ಯಾಮಕ್ಕಿನಿಂದ, ಅಂದರೆ ಎರಡು ಮರಗಳ ನಡುವೆ ಕಟ್ಟುವ ತೂಗುಹಾಸಿಗೆಯಿಂದ, ಕೆಳಗೆ ಬಿದ್ದೆ. ಬಿದ್ದದ್ದು ಮಹಾ ಎತ್ತರದಿಂದೇನಲ್ಲ, ಹೆಚ್ಚೆಂದರೆ ಮೂರು ಅಡಿ. ಆದರೆ ಇಪ್ಪತ್ತರ ವಯಸ್ಸಿನ ಮೂರು ಅಡಿಯೇ ಬೇರೆ, ನಲವತ್ತಾರರ ಮೂರು ಅಡಿಯೇ ಬೇರೆ ಎಂಬುದು ಬೆನ್ನಿನ ಕೊನೆಯ ಮೂಳೆ ನೆಲ ಮುಟ್ಟಿದ ಕ್ಷಣದಲ್ಲೇ ಮನವರಿಕೆಯಾಯಿತು. ಸದ್ದು ಕೇಳಿ ಓಡಿಬಂದ ಷಡ್ಡಕರು ನನ್ನ ಕಡೆ ನೋಡಲೇ ಇಲ್ಲ. ತುಂಡಾಗಿ ಬಿದ್ದಿದ್ದ ಹಗ್ಗವನ್ನು ಎತ್ತಿ, ಕನ್ನಡಕವನ್ನು ಹಣೆಗೇರಿಸಿ, ಎಳೆ ಬಿಡಿಸಿ ನೋಡಿ, “ಪೆಟ್ಟಿಗೆಯಲ್ಲಿ ಬಂದ ಹಗ್ಗವನ್ನೇ ಕಟ್ಟಿದಿರಾ? ಇದು ಎಲ್ಲ ಹೊಸಬರೂ ಮಾಡುವ ತಪ್ಪು ರಾಯರೇ” ಎಂದರು.

ಇವತ್ತು ಬುಧವಾರ. ಕಚೇರಿಯ ಕುರ್ಚಿಯ ಮೇಲೆ ಮಗಳ ಈಜುವ ಟ್ಯೂಬನ್ನಿಟ್ಟು, ಅದರ ಮೇಲೆ ಕುಳಿತು ಇದನ್ನು ಬರೆಯುತ್ತಿದ್ದೇನೆ. ಟ್ಯೂಬಿಗೆ ಬಾತುಕೋಳಿಯ ತಲೆಯಿದೆ. ಅದನ್ನು ಮೇಜಿನ ಕೆಳಗೆ ತಿರುಗಿಸಿಟ್ಟಿದ್ದರೂ ಸಹೋದ್ಯೋಗಿಗಳು ಒಬ್ಬೊಬ್ಬರಾಗಿ ಬಗ್ಗಿ ನೋಡಿಕೊಂಡು ಹೋಗುತ್ತಿದ್ದಾರೆ.

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಯಜಮಾನರು. ಮಾವನವರ ಮುಂದೆ ತಗ್ಗಿ ನಡೆಯಬಹುದು, ಭಾವಮೈದುನನನ್ನು ಒಂದು ಮಾತು ಗದರಬಹುದು, ಆದರೆ ಷಡ್ಡಕರನ್ನು ಮಾತ್ರ ಏನೂ ಮಾಡುವಂತಿಲ್ಲ. ಒಂದೇ ಮನೆಯ ಹೆಣ್ಣುಮಕ್ಕಳನ್ನು ಕೈಹಿಡಿದ ಕಾರಣಕ್ಕೆ ನಮ್ಮಿಬ್ಬರನ್ನೂ ಪ್ರತಿ ಹಬ್ಬದಲ್ಲಿ ಅಕ್ಕಪಕ್ಕ ಕೂರಿಸಿ ಅಳತೆ ನೋಡಲಾಗುತ್ತದೆ. ನಾನು ಅಂಗಡಿಯಲ್ಲಿ ಛತ್ರಿ ಕೊಂಡರೆ ಅವರು ಅದರ ಕಡ್ಡಿ ಎಣಿಸುತ್ತಾರೆ. ಚಾರಣ, ಡೇರೆ, ಹ್ಯಾಮಕ್ಕುಗಳಲ್ಲಿ ಅವರಿಗೆ ಹತ್ತು ವರ್ಷಗಳ ಅನುಭವವಿದೆ. ನನಗೆ ಇದ್ದದ್ದು, ಎರಡು ಮರಗಳ ನಡುವೆ ತೂಗಾಡುತ್ತಾ ಮಧ್ಯಾಹ್ನವೊಂದನ್ನು ಹಾಳುಮಾಡಬೇಕೆಂಬ ಬಹುದಿನದ ಆಸೆ ಮಾತ್ರ.

ಹೊಸಬನೊಬ್ಬ ಹ್ಯಾಮಕ್ ಆರಿಸುವ ವಿಧಾನ ಬಹಳ ಸರಳವಾದದ್ದು: ಮೊದಲು ಚಿತ್ರ, ಆಮೇಲೆ ಬಣ್ಣ, ಆಮೇಲೆ ಬೆಲೆ. ನಾನು ಮೊದಲು ಮೆಚ್ಚಿದ್ದು ಎರಡೂ ತುದಿಯಲ್ಲಿ ಮರದ ಪಟ್ಟಿಯಿದ್ದು ಮಂಚದಂತೆ ಅಗಲವಾಗಿ ಹರಡಿಕೊಂಡಿದ್ದ ಬಲೆಯನ್ನು. ಚಿತ್ರದಲ್ಲಿ ಒಬ್ಬ ಹೆಣ್ಣುಮಗಳು ಅದರ ಮೇಲೆ ಎಳನೀರು ಹಿಡಿದು ನಗುತ್ತಿದ್ದಳು. ಷಡ್ಡಕರು ಫೋನಿನಲ್ಲಿಯೇ ಅಡ್ಡ ಹಾಕಿದರು. ಆ ಪಟ್ಟಿಗಳಿಂದಾಗಿ ಬಟ್ಟೆ ಚಪ್ಪಟೆಯಾಗಿ ಬಿಗಿದುಕೊಂಡು, ಮಲಗಿದವನ ಭಾರವೆಲ್ಲ ಮೇಲೆಯೇ ಉಳಿದು, ಮಗ್ಗುಲು ಬದಲಿಸಿದ ತಕ್ಷಣ ಇಡೀ ಸಾಮಾನು ರೊಟ್ಟಿ ಮಗುಚಿದಂತೆ ಮಗುಚಿ ಹಾಕುತ್ತದಂತೆ. “ಅದು ಫೋಟೋ ತೆಗೆಸಿಕೊಳ್ಳುವುದಕ್ಕೆ, ಮಲಗುವುದಕ್ಕಲ್ಲ. ಎಲ್ಲ ಹೊಸಬರೂ ಮಾಡುವ ತಪ್ಪು.” ಸರಿಯೆಂದು ಎರಡೂ ತುದಿಯಲ್ಲಿ ಬಟ್ಟೆಯನ್ನು ನೆರಿಗೆ ಹಿಡಿದು ಕಟ್ಟಿದಂಥ ನೈಲಾನಿನ ಹ್ಯಾಮಕ್ಕೊಂದನ್ನು 899 ರೂಪಾಯಿಗೆ ತರಿಸಿದೆ. ಪೆಟ್ಟಿಗೆಯ ಮೇಲೆ ‘ಇಬ್ಬರಿಗೆ, 200 ಕೆಜಿ’ ಎಂದು ಬರೆದಿತ್ತು. ನನ್ನ ತೂಕ 74 ಕೆಜಿ. ಹತ್ತಿರ ಹತ್ತಿರ ನನ್ನಂಥ ಮೂವರು ಮಲಗಬಹುದೆಂದು ಲೆಕ್ಕ ಹಾಕಿ ನಿಶ್ಚಿಂತನಾದೆ. ಆ 200 ಎಂಬ ಅಂಕಿಯನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಷಡ್ಡಕರು ಮನೆಗೇ ಬಂದು ಅದನ್ನು ಬಿಚ್ಚಿ ನೋಡಿದರು. ಹೊಸಬರು ಎಷ್ಟು ಭಾರ ತಡೆಯುತ್ತದೆಂದು ಕೇಳುತ್ತಾರೆ, ಪಳಗಿದವರು ಎಷ್ಟು ಉದ್ದವಿದೆಯೆಂದು ಕೇಳುತ್ತಾರೆ. ನನ್ನದು 9 ಅಡಿ, ಅವರದು 11 ಅಡಿ. ಹ್ಯಾಮಕ್ಕಿನಲ್ಲಿ ನೇರವಾಗಿ ಮಲಗಿದರೆ ಮನುಷ್ಯ ಬಾಳೆಹಣ್ಣಿನಂತೆ ಬಾಗುತ್ತಾನೆ. ತಲೆಯನ್ನು ಒಂದು ಕಡೆಗೂ ಕಾಲನ್ನು ಇನ್ನೊಂದು ಕಡೆಗೂ ಹಾಕಿ ಓರೆಯಾಗಿ ಮಲಗಿದರೆ ಬೆನ್ನು ಚಪ್ಪಟೆಯಾಗುತ್ತದೆ, ಹಾಗೆ ಓರೆಯಾಗಲು ಉದ್ದ ಬೇಕು. ‘ಇಬ್ಬರಿಗೆ’ ಎಂಬುದು ಬಟ್ಟೆಯ ಅಗಲವನ್ನು ಕುರಿತ ಮಾತು, ಅದನ್ನು ನಂಬಿ ಇಬ್ಬರು ಮಲಗಿದರೆ ಇಬ್ಬರೂ ಉರುಳಿ ನಡುವಿನ ಗುಳಿಯಲ್ಲಿ ಬಂದು ಸೇರುತ್ತಾರೆ. ಆಮೇಲೆ ನೂಲಿನ ದಪ್ಪದ ಅಳತೆಯಾದ ಡಿನಿಯರ್ ಬಂತು. 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅದು ಅಷ್ಟು ಡಿನಿಯರ್. ರಾಮನಗರದ ರೇಷ್ಮೆ ರೀಲರುಗಳಿಗೆ ನೀರು ಕುಡಿದಷ್ಟು ಸಲೀಸಾದ ಈ ಲೆಕ್ಕವನ್ನು ನಾನು ಮಲಗುವ ಮುನ್ನ ಏಕೆ ಕಲಿಯಬೇಕೆಂಬುದು ಮಾತ್ರ ತಿಳಿಯಲಿಲ್ಲ. 1492ರಲ್ಲಿ ಕೊಲಂಬಸ್ ಬಹಾಮಾ ದ್ವೀಪಗಳಲ್ಲಿ ಜನರು ಹತ್ತಿಯ ಬಲೆಗಳಲ್ಲಿ ಮಲಗುವುದನ್ನು ಕಂಡದ್ದು, ಅಲ್ಲಿಯ ತಾಯ್ನೋ ಜನರ ‘ಹಮಾಕ’ ಎಂಬ ಮಾತೇ ಹಡಗು ಹತ್ತಿ ಯುರೋಪಿಗೆ ಹೋದದ್ದು, ಇವೆಲ್ಲವನ್ನೂ ಅವರಿಂದಲೇ ಕೇಳಿದೆ. ಇಂಡಿಯಾ ಹುಡುಕಲು ಹೊರಟವನಿಗೆ ಹ್ಯಾಮಕ್ ಸಿಕ್ಕಿತು. ಹ್ಯಾಮಕ್ ಹುಡುಕಲು ಹೊರಟ ನನಗೆ ಷಡ್ಡಕರು ಸಿಕ್ಕರು.

ಶನಿವಾರ ಎರಡು ಸಂಸಾರಗಳೂ ಒಂದೇ ಕಾರಿನಲ್ಲಿ ಹೊರಟೆವು. ಬೆಂಗಳೂರಿನಿಂದ ಹಾಸನ ದಾಟುವವರೆಗೆ ನಾನು ಹೊಸಬನಾಗಿ ಮಾಡಿದ ತಪ್ಪುಗಳು ಇವು: ಟೋಲಿನಲ್ಲಿ ಎಡಗಡೆಯ ಸಾಲಿಗೆ ನುಗ್ಗಿದ್ದು, ಹೋಟೆಲಿನಲ್ಲಿ ವಡೆಯನ್ನು ಸಾಂಬಾರಿನಲ್ಲಿ ಮುಳುಗಿಸಿಯೇ ತರಲು ಹೇಳಿದ್ದು, ಕಾಫಿಗೆ ಸಕ್ಕರೆ ಹಾಕುವ ಮೊದಲೇ ನೊರೆ ಕುಡಿದದ್ದು, ಮತ್ತು ಬಿಸಿಲು ಯಾವ ಕಡೆಗೆ ತಿರುಗುತ್ತದೆಂದು ಯೋಚಿಸದೆ ಕಿಟಕಿಯ ಪಕ್ಕ ಕುಳಿತದ್ದು. ನಲವತ್ತಾರು ವರ್ಷಗಳಿಂದ ವಡೆ ತಿನ್ನುತ್ತಿರುವವನನ್ನು ವಡೆಯ ವಿಷಯದಲ್ಲಿ ಹೊಸಬನೆಂದರೆ ಎಂಥವನಿಗೂ ನೋವಾಗುತ್ತದೆ. “ನಾನೂ ಹೊಸಬಳಾಗಿದ್ದಾಗ ಒಂದು ತಪ್ಪು ಮಾಡಿದೆ” ಎಂದು ಅತ್ತಿಗೆಯವರು ಹಿಂದಿನ ಸೀಟಿನಿಂದ ಯಾರನ್ನೂ ನೋಡದೆ ಹೇಳಿದರು. ಕಾರಿನಲ್ಲಿ ಸಕಲೇಶಪುರದವರೆಗೆ ನೆಮ್ಮದಿಯ ಮೌನವಿತ್ತು.

ತೋಟ ತಲುಪಿದ ಮೇಲೆ ಮರ ಹುಡುಕುವ ಕೆಲಸ ಶುರುವಾಯಿತು. ಕಾಫಿ ತೋಟದಲ್ಲಿ ಮರಕ್ಕೇನು ಬರ ಎಂದು ನೀವು ಕೇಳಬಹುದು, ನಾನೂ ಹಾಗೆಯೇ ಅಂದುಕೊಂಡಿದ್ದೆ. ಸಿಲ್ವರ್ ಓಕ್ ಮರಗಳೇನೋ ಸಾಲುಸಾಲಾಗಿ ನಿಂತಿದ್ದವು, ಆದರೆ ಒಂದೊಂದಕ್ಕೂ ಕರಿಮೆಣಸಿನ ಬಳ್ಳಿ ಹಬ್ಬಿತ್ತು. ಹ್ಯಾಮಕ್ಕನ್ನು ಮರಕ್ಕೆ ಬಿಗಿಯುವ ಅಗಲವಾದ ಬಟ್ಟೆಯ ಪಟ್ಟಿಯನ್ನು ನಾವು ಕೈಗೆತ್ತಿಕೊಳ್ಳುತ್ತಿದ್ದಂತೆಯೇ ತೋಟದ ಲೆಕ್ಕಪತ್ರ ನೋಡುವ ರೈಟರು ಓಡಿಬಂದು, “ಸಾರ್, ಬಳ್ಳಿ ಮೇಲೆ ಪಟ್ಟಿ ಬಿಗಿದರೆ ನಾಳೆ ಸಾಹುಕಾರರಿಗೆ ನಾನೇನು ಹೇಳಲಿ?” ಎಂದರು. ಕೆಳಗಿನ ಅಡಿಕೆ ತೋಟಕ್ಕೆ ಹೋದೆವು. ಅಲ್ಲಿ ಗಿಡದಿಂದ ಗಿಡಕ್ಕೆ 9 ಅಡಿ ಅಂತರ, ನಮಗೆ ಬೇಕಾದದ್ದು 12ರಿಂದ 15 ಅಡಿ. ಷಡ್ಡಕರು ಧೃತಿಗೆಡಲಿಲ್ಲ. ಒಂಬತ್ತರ ವರ್ಗ, ಇನ್ನೊಂದು ಒಂಬತ್ತರ ವರ್ಗ, ಎರಡನ್ನೂ ಕೂಡಿಸಿ ಮೂಲ ತೆಗೆದರೆ ಮೂಲೆಯಿಂದ ಮೂಲೆಗೆ ಸುಮಾರು 12 ಅಡಿ 9 ಅಂಗುಲವೆಂದು ಬಾಯಲ್ಲೇ ಲೆಕ್ಕ ಹಾಕಿ ಗೆದ್ದವರಂತೆ ನನ್ನನ್ನು ನೋಡಿದರು. ಆಮೇಲೆ ಅಡಿಕೆ ಮರವನ್ನು ಒಮ್ಮೆ ಅಲ್ಲಾಡಿಸಿದರು. ಅದು ಬುಡದಿಂದ ಸೋಗೆಯವರೆಗೆ ಬಳುಕಿತು. ಲೆಕ್ಕ ಅಲ್ಲಿಗೆ ಮುಗಿಯಿತು. ಒಳ್ಳೆಯ ದಪ್ಪ ಹಲಸಿನ ಮರವೊಂದು ಸಿಕ್ಕಿತಾದರೂ ಅದರ ತುಂಬ ಚಗಳಿ ಇರುವೆಗಳು ಎಲೆ ಹೊಲಿದು ಮನೆ ಕಟ್ಟಿಕೊಂಡಿದ್ದವು. ಕಡೆಗೆ ಬೇಲಿಯ ಪಕ್ಕದಲ್ಲಿ, ಬಳ್ಳಿಯಿಲ್ಲದ ಎರಡು ಮತ್ತಿ ಮರಗಳೂ ಒಂದು ನೇರಳೆಯೂ ದೊರೆತವು. ಮೊದಲು ಕತ್ತೆತ್ತಿ ಒಣಗಿದ ಕೊಂಬೆಯಿದೆಯೇ ಎಂದು ನೋಡಬೇಕೆಂಬುದನ್ನೂ ಅಲ್ಲಿಯೇ ಕಲಿತೆ. ಅದೊಂದು ಪಾಠದ ಬಗ್ಗೆ ನನಗೆ ತಕರಾರಿಲ್ಲ.

ಇನ್ನು 30 ಡಿಗ್ರಿಯ ಕಥೆ. ಮರದಿಂದ ಹ್ಯಾಮಕ್ಕಿಗೆ ಇಳಿಯುವ ಪಟ್ಟಿಯು ಅಡ್ಡಗೆರೆಗೆ 30 ಡಿಗ್ರಿ ಓರೆಯಾಗಿರಬೇಕೆಂಬುದು ಪಳಗಿದವರ ಕಟ್ಟಳೆ. ಅದನ್ನು ಅಳೆಯಲು ಕೈಯೇ ಸಾಕು: ತೋರುಬೆರಳನ್ನೂ ಹೆಬ್ಬೆರಳನ್ನೂ ಪಿಸ್ತೂಲಿನಂತೆ ಬಿಚ್ಚಿ ಹಿಡಿದರೆ, ಎರಡರ ತುದಿಗಳನ್ನು ಕೂಡಿಸುವ ಗೆರೆ ಸರಿಸುಮಾರು ಆ ಕೋನಕ್ಕೆ ಬರುತ್ತದೆ. ಷಡ್ಡಕರು ಒಂದು ಕಣ್ಣು ಮುಚ್ಚಿ, ಕೈ ಪಿಸ್ತೂಲನ್ನು ಮರದ ಕಡೆಗೆ ಚಾಚಿ, ಉಸಿರು ಬಿಗಿಹಿಡಿದು ನಿಂತರು. ನಾನು ಅಳತೆಯ ಟೇಪಿನ ಇನ್ನೊಂದು ತುದಿ ಹಿಡಿದು ಎದುರಿಗೆ ನಿಂತಿದ್ದೆ. ಮೂರು ಮರಗಳಿಗೆ ಕಿತ್ತಳೆ ಬಣ್ಣದ ಪಟ್ಟಿ ಸುತ್ತಿತ್ತು. ಅವರು ಹೆಜ್ಜೆ ಹಿಂದಿಡುವರು, ಕೈ ಚಾಚುವರು, ತಲೆಯಾಡಿಸುವರು, ಪಟ್ಟಿಯನ್ನು ಎರಡು ಬೆರಳಷ್ಟು ಮೇಲೇರಿಸುವರು, ಮತ್ತೆ ಕೈ ಚಾಚುವರು.

ಬೇಲಿಯಾಚೆ ಒಬ್ಬ ಮುದುಕರು ಕತ್ತಿ ಹಿಡಿದು ನಿಂತು ಇದನ್ನು ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಅವರು ಕಾಣಿಸಲಿಲ್ಲ. ಇನ್ನೂ ಸ್ವಲ್ಪ ಹೊತ್ತಿಗೆ ಕತ್ತಿಯ ಬದಲು ಪ್ಲಾಸ್ಟಿಕ್ ಕವರೊಂದನ್ನು ಎದೆಗವಚಿಕೊಂಡು ಇಬ್ಬರು ಗಂಡುಮಕ್ಕಳೊಂದಿಗೆ ಹಾಜರಾದರು. ಷಡ್ಡಕರು ಅವರನ್ನು ಗಮನಿಸದೆ, ಪಿಸ್ತೂಲನ್ನು ನೇರವಾಗಿ ಆ ಬೇಲಿಯ ಕಡೆಗೆ ಗುರಿಯಿಟ್ಟು, “ಇನ್ನೂ ಎರಡು ಅಡಿ ಆ ಕಡೆ ಹೋಗಬೇಕು ರಾಯರೇ, ಇಲ್ಲದಿದ್ದರೆ ಲೆಕ್ಕ ಸರಿಹೋಗುವುದಿಲ್ಲ” ಎಂದು ಗಟ್ಟಿಯಾಗಿ ಹೇಳಿದರು. ಮುದುಕರ ಮುಖ ಬಿಳಿಚಿಕೊಂಡಿತು. “ಸ್ವಾಮಿ, ಸರ್ವೆಯವರಾ? ನಮ್ದು ಒತ್ತುವರಿ ಅಲ್ಲ, ನಮ್ಮಪ್ಪನ ಕಾಲದ ಜಮೀನು, ಪಹಣಿ ಐತೆ, ನಕಾಶೆನೂ ಐತೆ” ಎನ್ನುತ್ತಾ ಕವರಿನಿಂದ ಕಾಗದಗಳನ್ನು ಒಂದೊಂದಾಗಿ ತೆಗೆದು ಬೇಲಿಯ ಕಲ್ಲಿನ ಮೇಲೆ ಹರಡತೊಡಗಿದರು. ಮಲೆನಾಡಿನಲ್ಲಿ ಟೇಪು ಹಿಡಿದು ಮರಕ್ಕೆ ಪಟ್ಟಿ ಕಟ್ಟುವವರನ್ನು ಕಂಡರೆ ಯಾರ ಎದೆಯೂ ಹಾರುತ್ತದೆ ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಷಡ್ಡಕರಾದರೋ ಪಿಸ್ತೂಲನ್ನು ಇಳಿಸುವುದನ್ನೇ ಮರೆತು, ಅದೇ ಕೈಯನ್ನು ಮುದುಕರತ್ತ ಚಾಚಿಕೊಂಡೇ ಗಾಬರಿಯಾಗಬೇಡಿ ಎಂದು ಸಮಾಧಾನ ಹೇಳುತ್ತಿದ್ದರು. ರೈಟರು ನಡುವೆ ಬಂದು, ಇವರು ಬೆಂಗಳೂರಿನವರು, ಮಲಗುವುದಕ್ಕೆ ಕಟ್ಟುತ್ತಿದ್ದಾರೆ ಎಂದು ವಿವರಿಸಬೇಕಾಯಿತು. ಮುದುಕರು ಕಾಗದಗಳನ್ನು ನಿಧಾನವಾಗಿ ಮಡಿಚಿಟ್ಟು, ನಮ್ಮಿಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿ, “ಮನೇಲಿ ಮಂಚ ಇಲ್ವಾ ಸ್ವಾಮಿ?” ಎಂದರು.

ಷಡ್ಡಕರು ನನ್ನ ಕಡೆ ತಿರುಗಿ, “ಇದು ಎಲ್ಲ ಹೊಸಬರೂ ಕೇಳುವ ಪ್ರಶ್ನೆ” ಎಂದರು, ಆದರೆ ದನಿ ಎಂದಿನಷ್ಟು ಗಟ್ಟಿಯಾಗಿರಲಿಲ್ಲ.

ಹೆಂಗಸರೂ ಮಕ್ಕಳೂ ಹೋಂಸ್ಟೇಯ ಕೋಣೆಗಳಲ್ಲಿ ಹೊದ್ದು ಮಲಗಿದರು. ಹೊರಗೆ ಡಿಸೆಂಬರಿನ ಚಳಿ. ನನ್ನ ಮೇಲೆ ಎರಡು ಕಂಬಳಿಗಳಿದ್ದರೂ ಬೆನ್ನಿನ ಕೆಳಗೆ ಮಂಜುಗಡ್ಡೆ ಇಟ್ಟಂತಾಗುತ್ತಿತ್ತು. ಮೈಯಡಿಗೆ ಸಿಕ್ಕ ಹೊದಿಕೆ ಭಾರಕ್ಕೆ ಅಮುಕಿಹೋಗಿ ಬೆಚ್ಚಗಿಡುವುದನ್ನೇ ಮರೆಯುತ್ತದೆ, ಆದ್ದರಿಂದ ಪಳಗಿದವರು ಹ್ಯಾಮಕ್ಕಿನ ಹೊರಗಡೆ, ಕೆಳಭಾಗಕ್ಕೆ, ಬೇರೊಂದು ರಜಾಯಿಯನ್ನು ಜೋತುಬಿಡುತ್ತಾರೆ. ಷಡ್ಡಕರ ಬಳಿ ಅದಿತ್ತು. ಹಾಗೆಂದು ಅವರು ನಿದ್ದೆ ಮಾಡಿದರೆಂದುಕೊಳ್ಳಬೇಡಿ. ಅರ್ಧ ಗಂಟೆಗೊಮ್ಮೆ ಎದ್ದು, ಹಣೆಗೆ ಕಟ್ಟಿದ ದೀಪ ಹೊತ್ತಿಸಿ, “ಕಾಲಿನ ಕಡೆ ಒಂದು ಬೆರಳು ಹೆಚ್ಚಾಯಿತು” ಎಂದು ಪಟ್ಟಿ ಸರಿಪಡಿಸುತ್ತಿದ್ದರು. ಒಂಬತ್ತು ಅಡಿಯಲ್ಲಿ ಬಾಳೆಹಣ್ಣಾಗಿದ್ದ ನಾನು ಆ ಬೆಳಕು ಮುಖಕ್ಕೆ ಬಿದ್ದಾಗಲೆಲ್ಲ ಎಚ್ಚರವಾಗುತ್ತಿದ್ದೆ.

ಬೆಳಗಿನ ಜಾವ ಮಲಗಲಾರದೆ ಎದ್ದು ತೋಟದ ಕೆಲಸಗಾರರ ಲೈನ್ ಮನೆಗಳ ಕಡೆ ನಡೆದೆ. ಒಂದು ಮನೆಯ ಜಗಲಿಯ ತೊಲೆಗೆ ಹಳೆಯ ಹಸಿರು ಸೀರೆಯ ಜೋಲಿ ಕಟ್ಟಿತ್ತು. ಎಂಟು ವರ್ಷದ ಹುಡುಗಿಯೊಬ್ಬಳು ಗೋಡೆಗೊರಗಿ ಮಗ್ಗಿ ಬರೆಯುತ್ತಾ, ಜೋಲಿಗೆ ಕಟ್ಟಿದ ದಾರವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು ಎಳೆಯುತ್ತಿದ್ದಳು. ಒಳಗಿನ ಮಗು ಕಾಣಿಸುತ್ತಿರಲಿಲ್ಲ, ಅದರ ಭಾರದ ದುಂಡು ಮಾತ್ರ ಅತ್ತಿತ್ತ ಹೋಗುತ್ತಿತ್ತು. ನಮ್ಮ ಹಳೆಯ ಮನೆಯ ನಡುಮನೆಯಲ್ಲಿಯೂ ಒಂದು ಕಬ್ಬಿಣದ ಕೊಂಡಿಯಿತ್ತು. ಅಮ್ಮ ತನ್ನ ನೂಲಿನ ಸೀರೆಯಲ್ಲಿ ನನ್ನ ಜೋಲಿಯನ್ನು ಅದಕ್ಕೇ ಕಟ್ಟುತ್ತಿದ್ದಳಂತೆ. ಆಮೇಲೆ ಬಹಳ ವರ್ಷ ಅದರಲ್ಲಿ ಬಾಳೆಗೊನೆ ತೂಗುಹಾಕುತ್ತಿದ್ದೆವು. ಮನೆ ಕೆಡವಿದಾಗ ಆ ಕೊಂಡಿ ಎಲ್ಲಿ ಹೋಯಿತೋ ಯಾರೂ ನೋಡಲಿಲ್ಲ. ಅಮ್ಮ ಇದ್ದಿದ್ದರೆ, ಯಾವ ಸೀರೆಯೆಂದಾದರೂ ಕೇಳಬಹುದಿತ್ತು.

ಈ ಮೃದುವಾದ ಮನಃಸ್ಥಿತಿಯೇ ನನ್ನನ್ನು ಕೆಡಿಸಿತು. ಒಂದು ಸೀರೆಯಿಂದ ಆಗುವ ಕೆಲಸಕ್ಕೆ ಇಷ್ಟೊಂದು ರಂಪವೇಕೆ ಎನ್ನಿಸಿ, ಷಡ್ಡಕರು ಕಾಫಿ ಕುಡಿಯಲು ಹೋದ ಹೊತ್ತು ನೋಡಿ, ರಾತ್ರಿ ಅವರು ನನಗೆ ಕೊಟ್ಟಿದ್ದ ಅಗಲ ಪಟ್ಟಿಗಳನ್ನು ಬಿಚ್ಚಿಟ್ಟು, ಪೆಟ್ಟಿಗೆಯಲ್ಲಿ ಬಂದಿದ್ದ ನನ್ನದೇ ಹಗ್ಗವನ್ನು ಕಟ್ಟಿದೆ. ಬೆನ್ನು ಬಾಗುವ ಸಮಸ್ಯೆಗೆ ಪರಿಹಾರವೂ ಹೊಳೆದಿತ್ತು: ಜೋತಾಡುವುದರಿಂದ ತಾನೇ ಬಾಗುವುದು, ಬಟ್ಟೆ ಒಣಹಾಕುವ ತಂತಿಯಂತೆ ಬಿಗಿಯಾಗಿ ಎಳೆದು ಕಟ್ಟಿದರಾಯಿತು! ಮರಕ್ಕೆ ಕಾಲು ಕೊಟ್ಟು ಎಳೆದೆ. ಹ್ಯಾಮಕ್ ನನ್ನ ಸೊಂಟದೆತ್ತರಕ್ಕೆ ಮಂಚದಂತೆ ಚಪ್ಪಟೆಯಾಗಿ ನಿಂತಿತು. ಹತ್ತಿ ಮಲಗಿದೆ. ಬೆನ್ನು ನಿಜವಾಗಿಯೂ ನೆಟ್ಟಗಾಯಿತು. ನೇರಳೆ ಮರದ ಎಲೆಗಳ ನಡುವೆ ಆಕಾಶ ಕಾಣಿಸಿತು. ನಾಲ್ಕೈದು ಕ್ಷಣಗಳ ಮಟ್ಟಿಗೆ, ನಾನೇ ಗೆದ್ದೆನೆಂದು ಹೇಳಲೇಬೇಕು.

ಇವತ್ತು ಬೆಳಿಗ್ಗೆ ಷಡ್ಡಕರು ವಾಟ್ಸ್ಯಾಪಿನಲ್ಲಿ ಒಂದು ಚಿತ್ರ ಬರೆದು ಕಳುಹಿಸಿದ್ದಾರೆ. ಎರಡು ಮರ, ನಡುವೆ ಒಬ್ಬ ಕಡ್ಡಿ ಮನುಷ್ಯ, ಅವನ ಹೊಟ್ಟೆಯ ಮೇಲೆ ‘ರಾಯರು, 74 ಕೆಜಿ’ ಎಂಬ ಬರಹ. 30 ಡಿಗ್ರಿಯಲ್ಲಿ ಕಟ್ಟಿದ್ದರೆ ಒಂದೊಂದು ಕಡೆಯ ಹಗ್ಗಕ್ಕೂ ಬೀಳುವ ಎಳೆತ ನನ್ನ ತೂಕದಷ್ಟೇ, ಅಂದರೆ 74 ಕೆಜಿ. ನಾನು ಬಿಗಿದಂತೆ 10 ಡಿಗ್ರಿಯಲ್ಲಿ ಕಟ್ಟಿದರೆ ಅದೇ ಎಳೆತ 213 ಕೆಜಿಗೆ ಏರುತ್ತದೆ. ಪೆಟ್ಟಿಗೆಯ ಮೇಲೆ ಬರೆದಿದ್ದದ್ದು 200. ಅವರ ಲೆಕ್ಕ ತಪ್ಪಿರಲೆಂದು ಹಾರೈಸುತ್ತಾ ಮಗಳ ಕ್ಯಾಲ್ಕುಲೇಟರಿನಲ್ಲಿ ಮೂರು ಸಲ ಒತ್ತಿ ನೋಡಿದೆ. ಮೂರು ಸಲವೂ 213 ಬಂತು. ಬಿದ್ದ ನೋವಿಗಿಂತ ಇದು ಹೆಚ್ಚು ಉರಿಯುತ್ತಿದೆ.

ಚಿತ್ರದ ಕೆಳಗೆ 11 ಅಡಿಯ ಹ್ಯಾಮಕ್ಕೊಂದರ ಲಿಂಕ್ ಇದೆ. ಬೆಲೆ ಹಳೆಯದರ ಐದು ಪಟ್ಟು. ಹಗ್ಗ ಜತೆಗೆ ಬರುವುದಿಲ್ಲವಂತೆ, ಪಟ್ಟಿಯನ್ನು ಬೇರೆ ಕೊಳ್ಳಬೇಕು. ಮನೆಯಲ್ಲಿ ಯಾರಿಗೂ ಹೇಳದೆ ತರಿಸಲು ನಿರ್ಧರಿಸಿ, ಇದರಲ್ಲಾದರೂ ನನ್ನ ಮಾತು ನಡೆಯಲೆಂದು, ಬಣ್ಣ ಯಾವುದಾದರೂ ಆದೀತಲ್ಲವೇ ಎಂದು ಒಂದು ಸಾಲು ಬರೆದು ಕಳುಹಿಸಿದೆ. ಎರಡು ನೀಲಿ ಗೆರೆಗಳು ತಕ್ಷಣ ಮೂಡಿದವು. ಆಗಿನಿಂದ ಹತ್ತು ನಿಮಿಷಗಳಾದವು, ಅವರ ಹೆಸರಿನ ಕೆಳಗೆ ‘ಟೈಪ್ ಮಾಡುತ್ತಿದ್ದಾರೆ’ ಎಂದು ತೋರಿಸುತ್ತಲೇ ಇದೆ.